ಸೀಸದ ಮುಚ್ಚಳದೊಳಗಿನ ವಿಭೂತಿ

ನಮ್ಮ ತಂದೆ ಕೊಟ್ಟೂರಿನಲ್ಲಿ ಲೇತ್ ಅಂಗಡಿ ಇಟ್ಟಿದ್ದರು. ದೊಡ್ಡದೇನಲ್ಲ. ಹರಪನಹಳ್ಳಿ ರಸ್ತೆಯ ಬದಿಗೆ ತಗಡಿನ ಮಾಡು, ಒಂದು ಲೇತು, ಒಂದು ಡ್ರಿಲ್ಲಿಂಗ್ ಯಂತ್ರ, ಗ್ಯಾಸ್ ವೆಲ್ಡಿಂಗಿನ ಸಿಲಿಂಡರುಗಳು, ಹಿಂದೆ ಒಂದು ಒಲೆ. ಅದರ ಹಿಂದೆಯೇ ನಮ್ಮ ಮನೆ. ಹಡಗಲಿ, ಹಗರಿಬೊಮ್ಮನಹಳ್ಳಿ ಕಡೆಯ ಟ್ರ್ಯಾಕ್ಟರಿನವರು, ಹಲವಾಗಲಿನಿಂದ ಹೊಳೆಯ ಪಂಪು ಹೇರಿಕೊಂಡು ಬರುವವರು, ಕೂಡ್ಲಿಗಿಯ ಬೋರ್‌ವೆಲ್ ಮೋಟರಿನವರು ನಮ್ಮ ಗಿರಾಕಿಗಳು. ತಂದೆಗೆ ವಯಸ್ಸಾದ ಮೇಲೆ ಲೇತಿನ ಮುಂದೆ ನನ್ನ ತಮ್ಮ ನಿಂತ. ವೆಲ್ಡಿಂಗ್ ನೋಡಿಕೊಳ್ಳುತ್ತಿದ್ದವನು ತಮ್ಮನ ಜೊತೆ ಓದಿ, ಅವನ ಜೊತೆಯೇ ಶಾಲೆ ಬಿಟ್ಟ ಮುಸ್ಲಿಮರ ಮನೆಯವನು. ಊರಿಗೆಲ್ಲ ಅವನು ಭಾಯ್.

ಆ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಪಂಪಿರಲಿ, ಗೇರ್ ಪೆಟ್ಟಿಗೆಯಿರಲಿ, ನೀರಿನ ಟ್ಯಾಂಕರಿರಲಿ, ಮುಚ್ಚಿ ಬೆಸೆಯುವ ಮುನ್ನ ತಂದೆ ತಮ್ಮ ಕೈಯಿಂದ ಒಂದು ಚಿಟಿಕೆ ವಿಭೂತಿಯನ್ನು ಒಳಗೆ ಹಾಕುತ್ತಿದ್ದರು. ಮಂತ್ರವಿಲ್ಲ, ಕರ್ಪೂರವಿಲ್ಲ. ಲೇತಿನ ಪಕ್ಕದ ಗೂಡಿನಲ್ಲಿ ಹಿತ್ತಾಳೆಯ ಕರಡಿಗೆ. ಅದರಿಂದ ತೆಗೆದು ಉದುರಿಸಿ, "ಮುಚ್ಚಪ್ಪ" ಎನ್ನುವುದು. ಅದಾಗುವ ತನಕ ಭಾಯ್ ಬೆಸೆಯುತ್ತಿರಲಿಲ್ಲ. ಗಿರಾಕಿಗಳು ಸಹ ಯಂತ್ರ ಒಯ್ಯುವಾಗ "ಯಜಮಾನ್ರು ಹಾಕ್ಯಾರಿಲ್ರಿ?" ಎಂದು ಕೇಳಿ ಖಾತ್ರಿ ಮಾಡಿಕೊಳ್ಳುತ್ತಿದ್ದರು. ಗೇರಿನೊಳಗೆ ಬೂದಿ ಹೋಗಬಾರದು ಎಂಬುದು ಯಾವ ಮೆಕ್ಯಾನಿಕ್‌ಗೂ ಗೊತ್ತು. ಆದರೆ ಆ ಚಿಟಿಕೆಯಿಂದ ಯಾವ ಗೇರೂ ಕೆಟ್ಟದ್ದನ್ನು ನಾನು ಕೇಳಲಿಲ್ಲ.

ನಾನು ಕೆಲಸ ಮಾಡುತ್ತಿದ್ದದ್ದು ದೂರದ ನಗರವೊಂದರ ವೇಗವರ್ಧಕ ಕೇಂದ್ರದಲ್ಲಿ. ವಿಜ್ಞಾನಿಯಲ್ಲ. ವಿಕಿರಣ ಅಳೆಯುವ ಎಣಿಕೆಯ ಕೋಣೆಗೆ ತಾಂತ್ರಿಕ ಸಹಾಯಕಳಾಗಿ ಸೇರಿ, ಅದೇ ಕೋಣೆಯ ಮೇಲ್ವಿಚಾರಕಿಯಾಗಿ ನಿವೃತ್ತಳಾದೆ. ಹಾಸ್ಟೆಲಿನಲ್ಲಿ ಗಂಟೆಯ ಸದ್ದಿಗೆ ಎದ್ದು, ಗಂಟೆಯ ಸದ್ದಿಗೆ ಉಂಡು, ಗಂಟೆಯ ಸದ್ದಿಗೆ ಮಲಗಿ ಬೆಳೆದವಳಿಗೆ ಆ ಕೋಣೆ ಚೆನ್ನಾಗಿ ಒಗ್ಗಿತು. ಬೆಳಿಗ್ಗೆ ಬಂದ ಕೂಡಲೇ, ಕಿರಣಗಳನ್ನು ಗುರುತಿಸುವ ಡಿಟೆಕ್ಟರನ್ನು ತಣ್ಣಗಿಡುವ ದ್ರವ ಸಾರಜನಕ ತುಂಬಬೇಕು. ಡಿಟೆಕ್ಟರಿನ ಸುತ್ತಲ ಸೀಸದ ಗೂಡು ಖಾಲಿಯಿರುವಾಗಿನ ಎಣಿಕೆ ತೆಗೆಯಬೇಕು. ನಿನ್ನೆಯದರ ಜೊತೆ ತಾಳೆ ನೋಡಬೇಕು. ಆಮೇಲೆ ಉಳಿದದ್ದು. ಈ ಕ್ರಮ ತಪ್ಪಿದರೆ ಇಡೀ ದಿನದ ಅಂಕಿಗಳನ್ನು ನಂಬುವಂತಿಲ್ಲ.

ವೇಗವರ್ಧಕವೆಂದರೆ ಪರಮಾಣುವಿನ ಕಣಗಳನ್ನು ವಿದ್ಯುತ್ತಿನ ಬಲದಿಂದ ನೂಕಿ, ವೇಗ ಏರಿಸಿ, ಗಾಳಿ ತೆಗೆದ ಕೊಳವೆಯಲ್ಲಿ ಹಾಯಿಸಿ, ತೆಳ್ಳನೆಯ ಲೋಹದ ಹಾಳೆಗೆ ಬಡಿಸುವ ಯಂತ್ರ. ಬಡಿದ ಕಣಗಳಲ್ಲಿ ಬಹುಪಾಲು ಸುಮ್ಮನೆ ಹಾದುಹೋಗುತ್ತವೆ. ಎಲ್ಲೋ ಒಂದು ಕಣ ಪರಮಾಣುವಿನ ಬೀಜಕ್ಕೆ ತಾಗಿ ಅದನ್ನು ಬೇರೊಂದಾಗಿ ಮಾರ್ಪಡಿಸುತ್ತದೆ. ತೀರಾ ಅಪರೂಪದ ಮಾರ್ಪಾಡು ಬೇಕಾದರೆ ಒಂದೇ ದಾರಿ, ಕಿರಣಪುಂಜವನ್ನು ದಟ್ಟ ಮಾಡುವುದು, ಹೆಚ್ಚು ಹೆಚ್ಚು ಕಣಗಳನ್ನು ಕಳಿಸುವುದು. ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮಲ್ಲಿ ಪುಂಜದ ತೀವ್ರತೆಯನ್ನು ಬಹಳ ಏರಿಸಿದರು. ಅದನ್ನು ನೆಚ್ಚಿಕೊಂಡು, ಆವರೆಗೆ ಯಾರೂ ಕಾಣದಿದ್ದ ಒಂದು ಮಾರ್ಪಾಡನ್ನು ಹುಡುಕುವ ಪ್ರಯೋಗ ಸಿದ್ಧವಾಯಿತು.

ಪುಂಜಕ್ಕೆ ಒಡ್ಡಿದ ಹಾಳೆಯನ್ನು ನಮ್ಮ ಕೋಣೆಗೆ ತಂದು ಸೀಸದ ಗೂಡಿನಲ್ಲಿಡುತ್ತಿದ್ದರು. ಅದರಿಂದ ಹೊರಡುವ ಗಾಮಾ ಕಿರಣಗಳನ್ನು ಡಿಟೆಕ್ಟರ್ ಒಂದೊಂದಾಗಿ ಎಣಿಸಬೇಕು. ಹುಡುಕುತ್ತಿದ್ದದ್ದು ಬಂದರೂ ದಿನವೊಂದಕ್ಕೆ ಬೆರಳೆಣಿಕೆಯಷ್ಟು ಬರಬಹುದಿತ್ತು. ಗೋಡೆ, ಮಣ್ಣು, ನಮ್ಮ ಮೈ, ಎಲ್ಲದರಲ್ಲೂ ಒಂದಿಷ್ಟು ವಿಕಿರಣ ಇದ್ದೇ ಇರುವುದರಿಂದ ಅದನ್ನು ಹೊರಗಿಡಲು ಆ ಸೀಸ. ಊರಿಗೆ ಹೋದಾಗ ತಮ್ಮನಿಗೆ ಇದನ್ನು ಹೇಳಿದ್ದೆ.

"ಸಂತ್ಯಾಗ ನಿಂತು, ದೂರದಾಗ ಅಳೋ ಕೂಸಿನ ದನಿ ಕೇಳಬೇಕು, ಹಂಗ ನಮ್ಮ ಕೆಲಸ."

"ಹಂಗಾರ ಸಂತಿ ಮಂದೀನೆಲ್ಲ ಎಬ್ಬಿಸಿ ಮನಿಗೆ ಕಳಸಬೇಕಲ್ಲಕ್ಕ?"

"ಅದಕ್ಕ ಸೀಸದ ಗೂಡು."

ಅವನು, "ಆ ಗೂಡು ಯಾರು ಮಾಡ್ತಾರ?" ಎಂದು ಕೇಳಿದ.

ತಮ್ಮ ಒಳ್ಳೆಯ ಕೆಲಸಗಾರ. ಆದರೆ ಆ ಹೊತ್ತಿಗೆ ಹೊಸಪೇಟೆ, ದಾವಣಗೆರೆಯ ಅಂಗಡಿಗಳಲ್ಲಿ ಎಲ್ಲ ಬಿಡಿಭಾಗಗಳೂ ಸಿದ್ಧವಾಗಿ ಸಿಗುತ್ತಿದ್ದವು. ಲೇತಿನಲ್ಲಿ ಕಡೆದು ಮಾಡಿಸುವವರು ಕಡಿಮೆಯಾಗಿದ್ದರು. ಅವನ ಪಾಲಿಗೆ ಬರುತ್ತಿದ್ದದ್ದು ಮುರಿದದ್ದನ್ನು ಅಂಟಿಸುವ ಕೆಲಸ. ಕೂದಲೆಳೆಯಷ್ಟೂ ತಪ್ಪದ ಅಳತೆಯ ಕೆಲಸ ಮಾಡಬೇಕು, ತನ್ನ ಕೈಯಿಂದ ಹೋದದ್ದು ದೊಡ್ಡ ಜಾಗದಲ್ಲಿ ಕೂಡಬೇಕು ಎಂಬ ಆಸೆ ಅವನಿಗಿತ್ತು. ಅದನ್ನು ಬಾಯಿಬಿಟ್ಟು ಹೇಳಿದವನಲ್ಲ. ಲೇತನ್ನು ಒರೆಸುವ ರೀತಿಯಲ್ಲಿ ಗೊತ್ತಾಗುತ್ತಿತ್ತು.

ಆ ಪ್ರಯೋಗಕ್ಕೆ ಸೀಸದ ಗೂಡುಗಳ ಒಂದು ಸಾಲೇ ಬೇಕಾಗಿತ್ತು. ಕೇಂದ್ರದ ಕಾರ್ಯಾಗಾರದವರಿಗೆ ಪುಂಜದ ಕೊಳವೆಯ ಕೆಲಸವೇ ಕೈತುಂಬ. ಗೂಡುಗಳನ್ನು ಹೊರಗೆ ಮಾಡಿಸುವುದೆಂದು ತೀರ್ಮಾನವಾಯಿತು. ನಾನು ಪ್ರಯೋಗದ ಮುಖ್ಯಸ್ಥರ ಬಳಿ ಹೋಗಿ, ತಮ್ಮನ ಅಂಗಡಿಯ ವಿಷಯ ಹೇಳಿ, ಪರೀಕ್ಷೆಗೆ ಒಂದು ಗೂಡಿನ ಮುಚ್ಚಳ ಮಾಡಿಸಿ ನೋಡಿ ಎಂದೆ. ಅವರು ಒಪ್ಪಿದರು. ಷರತ್ತು ನೇರವಾಗಿತ್ತು: ಮುಚ್ಚಳ ಪಾಸಾದರೆ ಎಲ್ಲ ಗೂಡುಗಳೂ ಕೊಟ್ಟೂರಿಗೆ, ಇಲ್ಲವಾದರೆ ಬೇರೆಯವರಿಗೆ.

ಶುದ್ಧ ಸೀಸ, ಶುದ್ಧ ತಾಮ್ರದ ತಗಡು, ನಕ್ಷೆ, ಮೂರನ್ನೂ ನಾನೇ ಊರಿಗೆ ತಂದುಕೊಟ್ಟೆ. ತಾಮ್ರದ ತಟ್ಟೆ ಕಡೆಯಬೇಕು, ಎರಕ ಹೊಯ್ದ ಸೀಸದ ಬಿಲ್ಲೆಯನ್ನು ಅದರಲ್ಲಿ ಕೂರಿಸಬೇಕು, ಮೇಲೆ ಇನ್ನೊಂದು ತೆಳು ತಾಮ್ರದ ತಗಡು ಹೊದಿಸಿ ಅಂಚನ್ನು ಬೆಸೆಯಬೇಕು. ಹೊದಿಸಿದ ತಗಡಿನ ಕಡೆಯೇ ಡಿಟೆಕ್ಟರಿನ ಮುಖಕ್ಕೆ ಬರುವುದು. ಕೈ ತೊಳೆದು, ಸ್ಪಿರಿಟ್ಟಿನಿಂದ ಒರೆಸಿ, ಧೂಳು ತಾಗದಂತೆ ಮಾಡಿ ಎಂದು ಒಂದೊಂದಾಗಿ ಹೇಳಿ, ಅವರಿಂದ ಒಂದೊಂದಾಗಿ ತಿರುಗಿ ಹೇಳಿಸಿದೆ. ಭಾಯ್ ನಕ್ಕು, "ಅಕ್ಕಾರು ಸಾಲ್ಯಾಗ ಮಗ್ಗಿ ಒಪ್ಪಿಸಿಕೊಂಡಂಗ ಮಾಡ್ತಾರ" ಎಂದ. ರಜೆ ಮುಗಿದಿತ್ತು. ಕೆಲಸ ನೋಡಲು ನಿಲ್ಲದೆ ಹೊರಟೆ.

ಮುಚ್ಚಳವನ್ನು ತಮ್ಮನೇ ಬಟ್ಟೆಯಲ್ಲಿ ಸುತ್ತಿ, ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ತಂದ. ಅಳತೆ ನೋಡಿದ ಕಾರ್ಯಾಗಾರದವರು ತಪ್ಪು ಹುಡುಕಿ ಸೋತರು. ಬೆಸುಗೆಯ ಅಂಚಿನ ಮೇಲೆ ಉಗುರು ಎಳೆದರೂ ತಡೆಯುತ್ತಿರಲಿಲ್ಲ. ತಮ್ಮ ಆ ಮಧ್ಯಾಹ್ನವೇ ಹಿಂತಿರುಗಿದ. ನಾನು ಮುಚ್ಚಳವನ್ನು ಗೂಡಿನ ಮೇಲಿಟ್ಟು ಎಣಿಕೆ ಶುರುಮಾಡಿದೆ.

ಮರುದಿನ ಪರದೆಯ ಮೇಲಿನ ಗ್ರಾಫಿನಲ್ಲಿ ಒಂದು ಶಿಖರ ಎದ್ದಿತ್ತು. ಗಾಮಾ ಕಿರಣಗಳ ಚಿತ್ರ ಓದುವವರಿಗೆ ಅದರ ಗುರುತು ಹಿಡಿಯಲು ಪುಸ್ತಕ ಬೇಕಿಲ್ಲ. ಪೊಟ್ಯಾಸಿಯಂ. ಅದು ಎಲ್ಲೆಡೆ ಇರುವ ವಸ್ತು. ಖಾಲಿ ಗೂಡಿನಲ್ಲೂ ತುಸು ಕಾಣುತ್ತದೆ. ಆದರೆ ಇದು ತುಸುವಲ್ಲ. ನಾವು ಹುಡುಕುತ್ತಿದ್ದ ಕಿರಣವಾದರೋ ಅದರ ಇಳಿಜಾರಿನ ಬುಡದಲ್ಲೇ ಬರಬೇಕಾದದ್ದು. ಮೊದಲು ಯಾರದೋ ಕೈಬೆವರು ಅಂದುಕೊಂಡೆ. ಮುಚ್ಚಳ ಒರೆಸಿ ಮತ್ತೆ ಎಣಿಸಿದೆ. ಶಿಖರ ಕದಲಲಿಲ್ಲ. ಹಾಗಾದರೆ ಅದು ಒಳಗಿದೆ.

ಅಂಗಡಿಯ ಎದುರಿನ ಎಸ್.ಟಿ.ಡಿ. ಬೂತಿಗೆ ಫೋನು ಮಾಡಿ ತಮ್ಮನನ್ನು ಕರೆಸಿದೆ.

"ಅಕ್ಕಾ, ಪಾಸಾತೇನು?"

"ಇನ್ನೂ ಇಲ್ಲ. ಮುಚ್ಚಳದ ಒಳಗ ಏನರ ಸೇರೈತೇನು? ಮಣ್ಣು, ಧೂಳ?"

"ಏನಿಲ್ಲಕ್ಕ. ನಾನ ಸ್ಪಿರಿಟ್ಟಿನಾಗ ಒರೆಸೀನಿ. ಭಾಯ್ ಕೈಗವಸು ಹಾಕ್ಕೊಂಡು ಸೀಸ ಕುಂದರಿಸ್ಯಾನ. ಉಸರು ಸೈತ ಬಿಟ್ಟಿಲ್ಲ ನಾವು."

"ಒಳಗ ಏನೂ ಹಾಕಿಲ್ಲ?"

"ಏನೂ ಹಾಕಿಲ್ಲ."

ಆಗ ನನಗೆ ಹೊಳೆಯಿತು. "ಮುಚ್ಚುವಾಗ ಅಪ್ಪ ಇದ್ದನೇನು?"

"ಇದ್ದ ಮತ್ತ. ಅಪ್ಪ ಇಲ್ಲದ ಭಾಯ್ ಮುಚ್ಚತಾನೇನು? ಈಬತ್ತಿ ಹಾಕ್ಯಾನ. ಮಗಳ ಕೆಲಸ ಅಂತ ಈ ಸಲ ಒಂದು ಹಿಡಿ ಹಾಕ್ಯಾನ."

ಅವನ ಮಟ್ಟಿಗೆ ಅದು ಒಳಗೆ ಏನನ್ನಾದರೂ ಹಾಕಿದಂತೆ ಆಗಿರಲೇ ಇಲ್ಲ. ಈಬತ್ತಿ, ಅಂದರೆ ವಿಭೂತಿ, ಸಗಣಿ ಸುಟ್ಟ ಬೂದಿ; ಬೂದಿಯಲ್ಲಿ ಪೊಟ್ಯಾಸಿಯಂ ಇದ್ದೇ ಇರುತ್ತದೆ. ನಾನು ಅದನ್ನು ಅವನಿಗೆ ವಿವರಿಸಿದೆ. ಬೂತಿನವನು ಬೇರೆಯವರು ಕಾಯುತ್ತಿದ್ದಾರೆ ಎಂದು ಹೇಳುವುದು ಕೇಳಿಸಿತು.

ಮುಖ್ಯಸ್ಥರಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ನಗಲಿಲ್ಲ. ಕೆಲಸ ಅಷ್ಟು ಚೆನ್ನಾಗಿದೆ, ಇನ್ನೊಂದು ಮುಚ್ಚಳಕ್ಕೆ ತಾಮ್ರ ಇದೆ, ಬೂದಿ ಇಲ್ಲದೆ ಮಾಡಿಸಿ ತನ್ನಿ ಎಂದರು. ಪುಂಜದ ದಿನಗಳು ನಿಗದಿಯಾಗಿದ್ದರಿಂದ ಮೂರನೆಯ ಅವಕಾಶ ಇರಲಿಲ್ಲ. ನಾನು ರಜೆ ಹಾಕಿ ಬಂದೆ. ಕಾನಹೊಸಹಳ್ಳಿಯ ಹೆದ್ದಾರಿಯಲ್ಲಿ ಬಸ್ಸು ಬದಲಿಸಿ ಕೊಟ್ಟೂರಿಗೆ ಬಂದಿಳಿದಾಗ ತಮ್ಮ ನಿಲ್ದಾಣದಲ್ಲೇ ಕಾಯುತ್ತಿದ್ದ.

"ಅಪ್ಪಗ ಹೇಳಿಯೇನು?"

"ಇಲ್ಲ."

"ಯಾಕ?"

"ಅಕ್ಕಾ, ಬೇಕಾರ ಕೆಲಸ ಬಿಡ್ತೀನಿ. ಈಬತ್ತಿ ಹಾಕಬ್ಯಾಡ ಅಂತ ಅಪ್ಪಗ ಹೇಳಾಕ ನನಗ ಆಗಾದಿಲ್ಲ. ನಾಳೆ ಅಂಗಡ್ಯಾಗ ಎದುರ ಬದುರ ನಿಂದರಾಂವ ನಾನು."

ಅವನು ಕೆಲಸ ಬಿಡುವುದು ನನಗೆ ಬೇಕಿರಲಿಲ್ಲ. ಮೊದಲ ಮುಚ್ಚಳದ ಅಂಚನ್ನು ನಾನು ನೋಡಿದ್ದೆ. ಮಾರನೆಯ ಬೆಳಿಗ್ಗೆ ತಂದೆ ಪೂಜೆ ಮುಗಿಸಿ, ಹಣೆಯ ಮೇಲೆ ವಿಭೂತಿ ಇನ್ನೂ ಹಸಿಯಾಗಿರುವಾಗಲೇ, ಚಹಾ ಕುಡಿಯಲು ಕೂತರು. ನಾನು ಎದುರು ಕೂತೆ.

"ಅಪ್ಪಾ, ಆ ಮುಚ್ಚಳ ನಡೀಲಿಲ್ಲ."

"ಯಾಕ? ಅಳತಿ ತಪ್ಪೈತೇನು? ನಿನ್ನ ತಮ್ಮಗ ಕನ್ನಡಕ ಹಾಕ್ಕೋ ಅಂದ್ರ ಕೇಳಾದಿಲ್ಲ."

"ಅಳತಿ ಸರಿ ಐತಿ. ಒಳಗಿನ ಈಬತ್ತಿ ನಮ್ಮ ಮಶೀನಿಗೆ ಕಾಣತೈತಿ."

ತಂದೆ ಲೋಟ ಕೆಳಗಿಟ್ಟರು. ಅವರ ಮುಖ ಅರಳಿತು.

"ಕಾಣತೈತಿ? ತಾಮ್ರದಾಗ ಮುಚ್ಚಿದ್ರೂ?"

"ಹೌದು."

"ಭೇಷ್! ಹಂಗಾರ ಚೊಲೋ ಮಶೀನು ಬಿಡು."

ನಾನು ಶುಭವಾರ್ತೆ ತಂದಿದ್ದೇನೆಂದು ಅವರು ತಿಳಿದಿದ್ದರು. ಆ ಮುಖ ನೋಡುತ್ತ ಮುಂದಿನದನ್ನು ಹೇಳಬೇಕಾಯಿತು.

"ಅದು ಕಾಣಬಾರದಪ್ಪ. ಬೂದ್ಯಾಗ ಪೊಟ್ಯಾಸಿಯಂ ಇರತೈತಿ. ಹೊಲಕ್ಕ ಹಾಕೋ ಪೊಟ್ಯಾಷ್ ಐತಲ್ಲ, ಅದರಾಗಿಂದ. ಅದು ತಾನಾಗೇ ಕಿರಣ ಬಿಡತೈತಿ. ನಾವು ಹುಡುಕೋದು ಅದರ ಸದ್ದಿನಾಗ ಮುಚ್ಚಿ ಹೋಗತೈತಿ."

"ಅಂದ್ರ ಹೊಲಸು ಅಂತಿ."

"ಹೊಲಸಲ್ಲ. ಬಾಳಿಹಣ್ಣಿನಾಗೂ ಐತಿ. ಮನುಷ್ಯಾರ ಮೈಯಾಗೂ ಐತಿ. ನಿನ್ನ ಮೈಯಾಗೂ, ನನ್ನ ಮೈಯಾಗೂ."

"ಹಂಗಾರ ನಾನೂ ಹೊರಗ ನಿಂದರಬೇಕು."

"ಹಂಗಲ್ಲಪ್ಪ..."

"ನೀನು ಆ ಖೋಲಿಗೆ ಹಣಿಗೆ ಹಚ್ಚಿಕೊಂಡು ಹೋಗ್ತಿಯೋ ಇಲ್ಲೋ?"

ಪುಡಿ ಯಾವುದೂ ಒಳಗೆ ಬರಬಾರದೆಂಬುದು ಆ ಕೋಣೆಯ ನಿಯಮ. ಪೌಡರ್, ಕುಂಕುಮ, ಎಲ್ಲವೂ ಅದರಲ್ಲಿ ಸೇರಿತ್ತು.

"ಬಾಗಲದಾಗ ಒರೆಸಿಕೊಂಡು ಹೋಗ್ತೀನಿ."

"ದಿನಾ?"

"ದಿನಾ."

ಅವರು ಉಳಿದ ಚಹಾ ಕುಡಿದರು. ಲೋಟ ತಾವೇ ತೊಳೆದಿಟ್ಟರು. ಆಮೇಲೆ, ಸಿಟ್ಟಿಲ್ಲದ ದನಿಯಲ್ಲಿ, "ಮಾಡ್ಕೋರಿ. ನಾನು ಉಚ್ಚಂಗಿದುರ್ಗಕ್ಕ ಹೋಗಿ ಅಮ್ಮನ ದರ್ಶನ ಮಾಡ್ಕೊಂಡು ಬರ್ತೀನಿ" ಎಂದರು. ಅವರು ವಾರದ ನಡುವೆ ಅಂಗಡಿ ಬಿಟ್ಟು ಹೋದವರಲ್ಲ. ಲೇತಿನ ಪಕ್ಕದ ಗೂಡಿನಲ್ಲಿದ್ದ ಕರಡಿಗೆಯನ್ನು ಜೇಬಿಗೆ ಹಾಕಿಕೊಂಡು ಹೋದರು.

ಈ ಸಲ ನಾನು ಅಂಗಡಿಯಲ್ಲೇ ನಿಂತೆ. ತಮ್ಮ ತಟ್ಟೆ ಕಡೆದ, ಸೀಸದ ಬಿಲ್ಲೆ ಕೂರಿಸಿದ, ತಗಡು ಹೊದಿಸಿದ. ಭಾಯ್ ಗ್ಯಾಸು ಹಚ್ಚಿ, ಉರಿ ಸಣ್ಣ ಮಾಡಿ, ಹಾಗೆಯೇ ಹಿಡಿದು ನಿಂತ.

"ಏನಾತು ಭಾಯ್?"

"ಏನಿಲ್ಲಕ್ಕಾರ. ಅಪ್ಪಾರು..."

"ಅಪ್ಪ ಬರಾದಿಲ್ಲ."

"ಗೊತ್ತೈತ್ರಿ."

ಆದರೂ ಉರಿ ಹಿಡಿದ ಕೈ ಮುಂದೆ ಬರಲಿಲ್ಲ. ತಮ್ಮನಿಗೆ ರೇಗಿತು. "ಮುಚ್ಚಲೇ, ಗ್ಯಾಸ್ ಸುಮ್ಮನ ಉರಿತೈತಿ."

"ನಿಮ್ಮಪ್ಪ ಹಾಕದ ನಾನು ಒಂದು ಡಬ್ಬಿ ಸೈತ ಮುಚ್ಚಿಲ್ಲಲೇ."

"ನಮಾಜು ಮಾಡಾಂವ ನೀನು. ನಿನಗ್ಯಾಕಲೇ ಈಬತ್ತಿ ಚಿಂತಿ?"

"ನಮಾಜು ನಂದು. ಕೆಲಸ ನಿಮ್ಮಪ್ಪ ಕಲಿಸಿದ್ದು. ಅವರು 'ಮುಚ್ಚಪ್ಪ' ಅಂದ್ರ ನನ್ನ ಕೈ ಏಳತೈತಿ, ಏನ್ಮಾಡ್ಲಿ?"

ಕೊನೆಗೆ ತಮ್ಮನೇ ಕಣ್ಣು ಬೇರೆ ಕಡೆ ಹೊರಳಿಸಿ, "ಮುಚ್ಚಪ್ಪ" ಎಂದ. ಅವನು ತಂದೆಯ ದನಿಯನ್ನು ಅಣಕಿಸಲಿಲ್ಲ. ದನಿ ತಾನಾಗಿಯೇ ಹಾಗಿತ್ತು. ಭಾಯ್ ಬೆಸೆದ.

ಎರಡನೆಯ ಮುಚ್ಚಳ ಪಾಸಾಯಿತು. ಶಿಖರವಿದ್ದ ಜಾಗದಲ್ಲಿ ಖಾಲಿ ಗೂಡಿನಷ್ಟೇ ಎತ್ತರ, ಅದಕ್ಕಿಂತ ಕೂದಲಷ್ಟೂ ಹೆಚ್ಚಿಲ್ಲ. ಗೂಡುಗಳ ಕೆಲಸವೆಲ್ಲ ಕೊಟ್ಟೂರಿಗೆ ಬಂತು. ತಮ್ಮ ಕನ್ನಡಕ ಮಾಡಿಸಿಕೊಂಡ. ಅವನೂ ಭಾಯಿಯೂ ಆ ಗೂಡುಗಳನ್ನು ಮಾಡಿದ ತಿಂಗಳುಗಳಲ್ಲಿ ಕಳೆಕಳೆಯಾಗಿದ್ದಷ್ಟು ಮತ್ತೆಂದೂ ಇರಲಿಲ್ಲವೆಂದು ತಮ್ಮನ ಹೆಂಡತಿ ಈಗಲೂ ಹೇಳುತ್ತಾಳೆ.

ತಂದೆ ಮಾತ್ರ ಉಚ್ಚಂಗಿದುರ್ಗದಿಂದ ಬಂದ ಮೇಲೆ ಅಂಗಡಿಯೊಳಗೆ ಕಾಲಿಡಲಿಲ್ಲ. ಗೂಡುಗಳ ಕೆಲಸಕ್ಕೆ ಮಾತ್ರವಲ್ಲ, ಯಾವುದಕ್ಕೂ. ಹಡಗಲಿಯ ರೈತನೊಬ್ಬ ಪಂಪು ಮುಚ್ಚಿಸುವಾಗ ಮನೆಯ ತನಕ ಬಂದು, "ಯಜಮಾನ್ರ, ಒಂದು ಚಿಟಿಕಿ ಹಾಕಿ ಹೋಗ್ರಿ" ಎಂದು ಕರೆದನಂತೆ. ತಂದೆ, "ಅದನ್ನ ಬಿಟ್ಟೀನಪ್ಪ. ಮಶೀನಿಗೆ ಆಗಿ ಬರಾದಿಲ್ಲಂತ" ಎಂದರಂತೆ. ಆತ ತಮ್ಮನಿಂದ ಹಾಕಿಸಿಕೊಂಡು ಹೋದ, ಅರೆಮನಸ್ಸಿನಿಂದ. ಪಂಪಿಗೂ ಗೇರಿಗೂ ಅಡ್ಡಿಯಿಲ್ಲ, ಅದು ನಮ್ಮ ಗೂಡಿಗೆ ಮಾತ್ರ ಎಂದು ಊರಿಗೆ ಹೋದಾಗಲೆಲ್ಲ ನಾನು ತಂದೆಗೆ ಹೇಳಿದೆ. "ಗೊತ್ತವ್ವ" ಎನ್ನುತ್ತಿದ್ದರು. ಕರಡಿಗೆ ಅವರ ಜೇಬಿನಿಂದ ಲೇತಿನ ಪಕ್ಕದ ಗೂಡಿಗೆ ಮರಳಲಿಲ್ಲ.

ನಾನು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಮತ್ತೆ ಹೇಳಬೇಕಾಗಿ ಬಂದರೂ ಅದನ್ನೇ, ಅದೇ ಕ್ರಮದಲ್ಲಿ ಹೇಳಿಯೇನು. ಮನಸ್ಸಿಗೆ ಇದರಿಂದ ಸಮಾಧಾನವಿಲ್ಲ. ತಪ್ಪಾಗಿದ್ದರೆ ತಿದ್ದಬಹುದಿತ್ತು. ಇದು ಸರಿಯಾದದ್ದು, ಆದ್ದರಿಂದ ತಿದ್ದಲು ಎಡೆಯೇ ಇಲ್ಲ.

ಪ್ರಯೋಗ ನಡೆಯಿತು. ಪುಂಜ ಹಗಲಿರುಳು ಬಂತು. ನಾವು ಪಾಳಿಯ ಮೇಲೆ ಕೂತು ಹಾಳೆಗಳನ್ನು ಗೂಡಿನಿಂದ ಗೂಡಿಗೆ ಇಟ್ಟೆವು. ಮೇಲಿನಿಂದ ಕೆಳಗಿನವರೆಗೆ ಎಲ್ಲ ಅಂಕಿಗಳನ್ನೂ ಕೂಡಿಸಿ ನೋಡಿದಾಗ, ಹುಡುಕಿದ ಜಾಗದಲ್ಲಿ ಏನೂ ಇರಲಿಲ್ಲ. ಆ ಮಾರ್ಪಾಡು ಆಗುವುದಾದರೆ ಇಷ್ಟಕ್ಕಿಂತ ಅಪರೂಪವಾಗಿ ಆಗಬೇಕು ಎಂಬ ಒಂದು ಮಿತಿಯನ್ನು ಬರೆದು ಪ್ರಬಂಧ ಮುಗಿಸಿದರು. ನಮ್ಮ ಕ್ಷೇತ್ರದಲ್ಲಿ ಅದು ಗೌರವದ ಫಲಿತಾಂಶ. ಬಹುಪಾಲು ಪ್ರಯೋಗಗಳು ಹೀಗೆಯೇ ಮುಗಿಯುತ್ತವೆ.

ಅದಾದ ಮೇಲೆ ಊರಿಗೆ ಹೋದಾಗ ತಂದೆ ಹಾಸಿಗೆ ಹಿಡಿದಿದ್ದರು. ಮಾತು ಚೆನ್ನಾಗಿಯೇ ಇತ್ತು. ಸಂಜೆ ನಾನು ಹೊರಡುವ ಮೊದಲು ಹತ್ತಿರ ಕರೆದರು.

"ಅದು ಸಿಕ್ಕಿತೇನವ್ವಾ, ನೀವು ಹುಡುಕತಿದ್ದದ್ದು?"

"ಇಲ್ಲಪ್ಪ. ಇಲ್ಲ ಅಂತ ಗೊತ್ತಾತು."

ಅವರು ಮೆಲ್ಲಗೆ ನನ್ನ ಕಡೆ ಹೊರಳಿದರು.

"ಈಬತ್ತಿ ಇಲ್ಲದ ನೋಡಿದ್ರೂ ಕಾಣಲಿಲ್ಲ."

"ಕಾಣಲಿಲ್ಲ."

"ಇದ್ದಿದ್ರೂ ಕಾಣತಿರಲಿಲ್ಲ."

"ಇದ್ದಿದ್ರೂ ಕಾಣತಿರಲಿಲ್ಲ."

"ಹಂಗಾರ, ಇದ್ದಿದ್ರ ಏನಾಗ್ತಿತ್ತವ್ವಾ?"

ಕೆಣಕುವ ದನಿ ಅದರಲ್ಲಿರಲಿಲ್ಲ. ಅವರಿಗೆ ನಿಜವಾಗಿಯೂ ತಿಳಿಯಬೇಕಿತ್ತು. ನಾನು ಮಂಚದ ಅಂಚಿನಲ್ಲಿ ಕೂತು ಹೇಳಿದೆ. ಸಂತೆಯ ಸದ್ದಿನ ನಡುವೆ ಕಿವಿಗೊಟ್ಟರೂ ಕೂಸಿನ ದನಿ ಕೇಳಿಸಲಿಲ್ಲ ಎನ್ನುವುದು ಬೇರೆ, ಸದ್ದಡಗಿದ ಮೇಲೆ ಕೇಳಿಸಲಿಲ್ಲ ಎನ್ನುವುದು ಬೇರೆ. ಮೊದಲನೆಯದರಲ್ಲಿ ಕೂಸು ಅತ್ತಿರಲೂಬಹುದು. ಎರಡನೆಯದರಲ್ಲಿ ಮಾತ್ರ 'ಇಲ್ಲ' ಎಂಬ ಮಾತಿಗೆ ತೂಕ ಬರುತ್ತದೆ. ಆ ತೂಕದ 'ಇಲ್ಲ' ಎಂಬುದಕ್ಕಾಗಿಯೇ ನಾವು ಅಷ್ಟೆಲ್ಲ ಮಾಡಿದ್ದು. ಕೇಂದ್ರ ನೋಡಲು ಬರುವವರಿಗೆ ಇದನ್ನು ಎಷ್ಟೋ ಸಲ ಹೇಳಿದ್ದೆ; ಎಲ್ಲರೂ ತಲೆದೂಗುತ್ತಿದ್ದರು.

ತಂದೆ ಕೊನೆಯ ತನಕ ಕಣ್ಣು ತೆರೆದೇ ಕೇಳಿದರು. "ಇಲ್ಲ ಅನ್ನಾಕ" ಎಂದರು ಮೆಲ್ಲಗೆ. "ಇಲ್ಲ ಅನ್ನಾಕ ಈಬತ್ತಿ ತೆಗೀಬೇಕಾಗಿತ್ತು."

"ಹಂಗಲ್ಲಪ್ಪ" ಎಂದು ನಾನು ಮತ್ತೆ ಮೊದಲಿನಿಂದ ಶುರುಮಾಡಿದೆ. ಅವರು ನನ್ನ ಕೈ ತಟ್ಟಿ, "ಇರಲಿ ಬಿಡವ್ವ, ನಿನಗ ಬಸ್ಸಿಗೆ ಹೊತ್ತಾತು" ಎಂದರು.